‘ರೆಡ್ ಕ್ಲಿಫ್’: ಝೌ ಯುವಿಗೆ ನ್ಯಾಯ ಸಿಕ್ಕಿತು, ತ್ಸಾವ್ ತ್ಸಾವ್‌ಗೆ ಸಿಕ್ಕಿತೇ?

ತುಂಗಾತೀರ:
ಜಾನ್ ವೂ ನಿರ್ದೇಶಿಸಿದ ‘ರೆಡ್ ಕ್ಲಿಫ್’ ಚಿತ್ರದ ಎರಡೂ ಭಾಗಗಳನ್ನು ನೋಡಿ ಮುಗಿಸಿದೆ. ಮೊದಲ ಭಾಗ 2008ರ ಜುಲೈನಲ್ಲಿ ಬಂದದ್ದು, ಎರಡನೆಯದು 2009ರ ಜನವರಿಯಲ್ಲಿ. ನೋಡದವರಿಗಾಗಿ ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಕ್ರಿ.ಶ. 208. ಹಾನ್ ಸಾಮ್ರಾಜ್ಯ ಕುಸಿಯುತ್ತಿದೆ, ಚಕ್ರವರ್ತಿ ಹೆಸರಿಗಷ್ಟೇ ಇದ್ದಾನೆ. ಉತ್ತರವನ್ನೆಲ್ಲ ಗೆದ್ದ ಮಹಾಮಂತ್ರಿ ತ್ಸಾವ್ ತ್ಸಾವ್ ದಕ್ಷಿಣಕ್ಕೆ ನುಗ್ಗುತ್ತಾನೆ. ದಕ್ಷಿಣದ ಯುವ ದೊರೆ ಸುನ್ ಚುವಾನ್ ಮತ್ತು ನೆಲೆ ಕಳೆದುಕೊಂಡು ಅಲೆಯುತ್ತಿದ್ದ ಲಿಯು ಬೇ ಕೈಜೋಡಿಸುತ್ತಾರೆ. ಯಾಂಗ್ಜಿ ನದಿಯ ಮೇಲೆ ತ್ಸಾವ್ ತ್ಸಾವ್‌ನ ಹಡಗುಗಳು ಬೆಂಕಿಗೆ ಆಹುತಿಯಾಗುತ್ತವೆ.

ಯುದ್ಧದ ದೃಶ್ಯಗಳ ಬಗ್ಗೆ ನನ್ನದೇನೂ ತಕರಾರಿಲ್ಲ. ಇಷ್ಟು ದೊಡ್ಡ ಸೈನ್ಯ ಎಲ್ಲಿಂದ ಎಲ್ಲಿಗೆ ಚಲಿಸುತ್ತಿದೆ ಎಂದು ಪ್ರೇಕ್ಷಕನಿಗೆ ಒಂದು ಕ್ಷಣವೂ ಗೊಂದಲವಾಗದಂತೆ ತೋರಿಸಿದ ಚಿತ್ರ ನಾನು ಬೇರೆ ನೋಡಿಲ್ಲ. ನನ್ನ ಜಗಳ ಇರುವುದು ಒಂದೇ ಸಂಗತಿಯ ಮೇಲೆ. ಸುನ್ ಚುವಾನ್‌ನ ಸೇನಾಪತಿ ಝೌ ಯುವಿನ ಹೆಂಡತಿ ಶಿಯಾವ್ ಚಿಯಾವ್ ಮೇಲಿನ ಮೋಹಕ್ಕಾಗಿಯೇ ತ್ಸಾವ್ ತ್ಸಾವ್ ಇಷ್ಟೆಲ್ಲ ಸೈನ್ಯ ಕಟ್ಟಿಕೊಂಡು ಬಂದ ಎನ್ನುವಂತೆ ಚಿತ್ರ ತೋರಿಸುತ್ತದೆ. ಕೊನೆಗೆ ಆಕೆ ಅವನ ಶಿಬಿರಕ್ಕೆ ಒಬ್ಬಳೇ ಹೋಗಿ, ಚಹಾ ಮಾಡಿಕೊಟ್ಟು, ಬೆಂಕಿಯನ್ನು ಅವನ ಹಡಗುಗಳತ್ತ ಒಯ್ಯುವಂತೆ ಗಾಳಿ ತಿರುಗುವ ತನಕ ಅವನನ್ನು ತಡೆದು ನಿಲ್ಲಿಸುತ್ತಾಳೆ. ಐವತ್ತು ದಾಟಿದ, ಜೀವಮಾನವಿಡೀ ಯುದ್ಧ ಮಾಡಿದ ಸೇನಾನಿ ಒಂದು ಬಟ್ಟಲು ಚಹಾಕ್ಕಾಗಿ ದಾಳಿಯನ್ನು ಮುಂದೂಡುತ್ತಾನೆಯೇ? ಇದು ಇತಿಹಾಸದಲ್ಲಿದೆಯೇ? ಇಲ್ಲವಾದರೆ ನಿರ್ದೇಶಕ ಇದನ್ನು ಯಾಕೆ ಸೇರಿಸಿದ? ತಿಳಿದವರು ಹೇಳಿ.

ಬೆಳ್ಳಿತೆರೆ:
ಎರಡು ಭಾಗಗಳ ಪೂರ್ಣ ಆವೃತ್ತಿ ನೋಡಿದ್ದೀರಿ ಎಂಬುದೇ ಸಂತೋಷ. ಪಾಶ್ಚಾತ್ಯ ದೇಶಗಳಿಗಾಗಿ ಇದನ್ನು 148 ನಿಮಿಷಗಳ ಒಂದೇ ಚಿತ್ರವಾಗಿ ಕತ್ತರಿಸಿದ್ದರು. ಮೂಲ ನಾಲ್ಕೂವರೆ ಗಂಟೆಗೂ ಹೆಚ್ಚು. ಕತ್ತರಿಸಿದ್ದರಲ್ಲಿ ಯುದ್ಧ ಉಳಿದಿದೆ, ಯುದ್ಧ ಮಾಡುವ ಮನುಷ್ಯರು ಹೋಗಿದ್ದಾರೆ. ಯಾರಾದರೂ ಮೊದಲ ಬಾರಿ ನೋಡುವವರಿದ್ದರೆ ಚಿಕ್ಕದನ್ನು ದಯವಿಟ್ಟು ಮುಟ್ಟಬೇಡಿ.

ಶಾಸನಪ್ರಿಯ:
ತುಂಗಾತೀರ ಅವರೇ, ಚಹಾದ ಪ್ರಸಂಗ ಇತಿಹಾಸದಲ್ಲಿಲ್ಲ. ಇಲ್ಲಿ ಮೂರು ಪದರಗಳಿವೆ, ಅವನ್ನು ಬಿಡಿಸಿಕೊಂಡರೆ ನಿಮ್ಮ ಪ್ರಶ್ನೆಗೆ ಉತ್ತರ ಸಿಗುತ್ತದೆ.

ಒಂದು, ಚೆನ್ ಶೌ ಎಂಬ ಇತಿಹಾಸಕಾರ ಮೂರನೇ ಶತಮಾನದಲ್ಲಿ ಬರೆದ ‘ಮೂರು ರಾಜ್ಯಗಳ ದಾಖಲೆ’. ಐದನೇ ಶತಮಾನದಲ್ಲಿ ಪೇ ಸೊಂಗ್‌ಝಿ ಅದಕ್ಕೆ ಬೇರೆ ಬೇರೆ ಮೂಲಗಳಿಂದ ಟಿಪ್ಪಣಿ ಸೇರಿಸಿದ. ಎರಡು, ಲುವೊ ಗುವಾನ್‌ಝೋಂಗ್ ಹೆಸರಿನಲ್ಲಿರುವ 120 ಅಧ್ಯಾಯಗಳ ಮಹಾಕಾದಂಬರಿ. ಇದು ಯುದ್ಧ ಮುಗಿದು ಸಾವಿರಕ್ಕೂ ಹೆಚ್ಚು ವರ್ಷಗಳಾದ ಮೇಲೆ ಬಂದದ್ದು. ಮೂರು, ಈ ಚಿತ್ರ.

ಚೆನ್ ಶೌ ಹೇಳುವ ತ್ಸಾವ್ ತ್ಸಾವ್ ಹೆಣ್ಣಿಗಾಗಿ ದಂಡೆತ್ತಿ ಬರುವುದಿಲ್ಲ. ಕ್ರಿ.ಶ. 200ರಲ್ಲಿ ಗುವಾನ್‌ದುವಿನಲ್ಲಿ ಯುವಾನ್ ಶಾವ್‌ನನ್ನು ಸೋಲಿಸಿದ, 207ರಲ್ಲಿ ಈಶಾನ್ಯದ ವುಹುವಾನ್ ಬುಡಕಟ್ಟುಗಳನ್ನು ಮಣಿಸಿದ. ಉಳಿದದ್ದು ದಕ್ಷಿಣ. 208ರಲ್ಲಿ ಜಿಂಗ್‌ಝೌ ಪ್ರಾಂತ್ಯದ ಅಧಿಪತಿ ಲಿಯು ಬಿಯಾವ್ ತೀರಿಕೊಂಡ, ಮಗ ಲಿಯು ತ್ಸೊಂಗ್ ಯುದ್ಧವಿಲ್ಲದೆ ಶರಣಾದ. ಒಂದೇ ಏಟಿಗೆ ಯಾಂಗ್ಜಿ ನದಿಯ ನೌಕಾಪಡೆ ತ್ಸಾವ್ ತ್ಸಾವ್ ಕೈಗೆ ಬಂತು. ಅಂಥ ಅವಕಾಶ ಬಂದಾಗ ಯಾವ ಸೇನಾನಿಯೂ ನಿಲ್ಲುವುದಿಲ್ಲ. ಕಾರಣ ಅಷ್ಟೇ.

ಚಿಯಾವ್ ಸೋದರಿಯರ, ಅಂದರೆ ಶಿಯಾವ್ ಚಿಯಾವ್ ಮತ್ತು ಆಕೆಯ ಅಕ್ಕನ, ಮೇಲಿನ ಮೋಹದ ಕಥೆ ಕಾವ್ಯದಿಂದ ಬಂದದ್ದು. ಒಂಬತ್ತನೇ ಶತಮಾನದ ಕವಿ ದು ಮು ಒಂದು ಪದ್ಯ ಬರೆದ. ಪೂರ್ವದ ಗಾಳಿ ಝೌ ಯುವಿಗೆ ನೆರವಾಗದಿದ್ದರೆ ಆ ಇಬ್ಬರು ಸೋದರಿಯರು ತ್ಸಾವ್ ತ್ಸಾವ್‌ನ ‘ಕಂಚಿನ ಹಕ್ಕಿಯ ಮಹಡಿ’ಯಲ್ಲಿ ಬಂದಿಗಳಾಗುತ್ತಿದ್ದರು ಎಂಬ ಅರ್ಥದ್ದು. ಆ ಮಹಡಿ ಕಟ್ಟಿಸಿದ್ದು 210ರಲ್ಲಿ, ಅಂದರೆ ಯುದ್ಧ ಮುಗಿದ ಮೇಲೆ. ಕವಿಯ ಕಲ್ಪನೆಯನ್ನು ಕಾದಂಬರಿಕಾರ ಹಿಡಿದ, ಕಾದಂಬರಿಯನ್ನು ಚಿತ್ರ ಹಿಡಿಯಿತು.

ಮಲೆನಾಡಿಗ:
ಸಿನಿಮಾ ಎಂದರೆ ಇತಿಹಾಸದ ಪಾಠವಲ್ಲ. ನಾಲ್ಕೂವರೆ ಗಂಟೆ ಕೂತು ನೋಡುವವನಿಗೆ ಒಂದು ಎದೆಬಡಿತ ಬೇಕು. ಪ್ರಾಂತ್ಯದ ಅಧಿಪತಿ ತೀರಿಕೊಂಡ, ನೌಕಾಪಡೆ ಸಿಕ್ಕಿತು ಎಂದರೆ ಯಾರ ಎದೆ ಬಡಿಯುತ್ತದೆ?

ಶಾಸನಪ್ರಿಯ:
ನನ್ನ ಎದೆ ಬಡಿಯುತ್ತದೆ. ಯುದ್ಧವಿಲ್ಲದೆ ಒಂದು ಪ್ರಾಂತ್ಯ ಶರಣಾದ ಸುದ್ದಿ ಪಕ್ಕದ ರಾಜ್ಯದ ಆಸ್ಥಾನಕ್ಕೆ ಬಂದಾಗ ಅಲ್ಲಿ ಕುಳಿತ ಇಪ್ಪತ್ತಾರರ ಹುಡುಗ ದೊರೆಗೆ ಏನಾಗಿರಬಹುದು? ಹಿರಿಯ ಮಂತ್ರಿಗಳೆಲ್ಲ ಶರಣಾಗೋಣ ಎನ್ನುತ್ತಿದ್ದಾರೆ. ಲು ಸು ಎಂಬ ಸಲಹೆಗಾರನೊಬ್ಬನೇ ಅವನನ್ನು ಏಕಾಂತದಲ್ಲಿ ಕಂಡು ಹೀಗೆ ವಾದಿಸುತ್ತಾನೆ: ನಾವು ಶರಣಾದರೆ ಎಲ್ಲೋ ಒಂದು ಹುದ್ದೆ ಸಿಗುತ್ತದೆ, ನೀವು ಶರಣಾದರೆ ಎಲ್ಲಿಗೆ ಹೋಗುತ್ತೀರಿ? ಆಮೇಲೆ ಸುನ್ ಚುವಾನ್ ಕತ್ತಿ ಹಿರಿದು ಮುಂದಿದ್ದ ಮೇಜನ್ನು ಕಡಿದು, ಇನ್ನು ಶರಣಾಗತಿಯ ಮಾತೆತ್ತಿದವನಿಗೆ ಇದೇ ಗತಿ ಎನ್ನುತ್ತಾನೆ. ಇದು ದಾಖಲೆಯಲ್ಲಿರುವುದು, ಚಿತ್ರದಲ್ಲೂ ಇದೆ. ಸುನ್ ಚುವಾನ್ ಪಾತ್ರದ ಚಾಂಗ್ ಚೆನ್ ಆ ದೃಶ್ಯದಲ್ಲಿ ಎಷ್ಟು ಚೆನ್ನಾಗಿ ಅಭಿನಯಿಸಿದ್ದಾನೆ ನೋಡಿ. ಅಣ್ಣನ, ಅಪ್ಪನ ಹೆಸರಿನ ಭಾರ ಹೊತ್ತ ಹುಡುಗ ಕಣ್ಣಮುಂದೆಯೇ ದೊರೆಯಾಗುತ್ತಾನೆ. ರಾಜಕೀಯವೇ ಎದೆ ಬಡಿಯುವಂತೆ ಮಾಡಬಲ್ಲದು ಎಂಬುದಕ್ಕೆ ಈ ಚಿತ್ರವೇ ಸಾಕ್ಷಿ.

ಓದುಗಿತ್ತಿ:
ಎಲ್ಲರೂ ತ್ಸಾವ್ ತ್ಸಾವ್‌ಗೆ ಆದ ಅನ್ಯಾಯದ ಬಗ್ಗೆ ಮಾತಾಡುತ್ತಿದ್ದೀರಿ. ಈ ಚಿತ್ರ ಸರಿಪಡಿಸಿದ ದೊಡ್ಡ ಅನ್ಯಾಯದ ಬಗ್ಗೆ ಯಾರೂ ಹೇಳುತ್ತಿಲ್ಲವಲ್ಲ!

ಕಾದಂಬರಿಯಲ್ಲಿ ಝೌ ಯು ಹೊಟ್ಟೆಕಿಚ್ಚಿನ ಮನುಷ್ಯ. ಲಿಯು ಬೇಯ ಸಲಹೆಗಾರ ಝೂಗೆ ಲಿಯಾಂಗ್‌ನ ಬುದ್ಧಿವಂತಿಕೆ ಸಹಿಸಲಾಗದೆ ಅವನನ್ನು ಕೊಲ್ಲಿಸಲು ಮತ್ತೆ ಮತ್ತೆ ಸಂಚು ಹೂಡುತ್ತಾನೆ. ಕೊನೆಗೆ ನನ್ನನ್ನು ಹುಟ್ಟಿಸಿದ ಮೇಲೆ ಅವನನ್ನೇಕೆ ಹುಟ್ಟಿಸಿದೆ ಎಂದು ಆಕಾಶಕ್ಕೆ ಮೊರೆಯಿಟ್ಟು ಸಾಯುತ್ತಾನೆ. ಶತಮಾನಗಳ ಕಾಲ ನಾಟಕ, ಕಥೆಗಳಲ್ಲಿ ಜನ ಕಂಡದ್ದು ಈ ಝೌ ಯುವನ್ನೇ. ಅಸಲು ಮನುಷ್ಯ ಹೀಗಿರಲಿಲ್ಲ. ಚೆಂಗ್ ಪು ಎಂಬ ಹಿರಿಯ ಸೇನಾನಿ ವಯಸ್ಸಿನ ಹಮ್ಮಿನಿಂದ ಅವನನ್ನು ಪದೇ ಪದೇ ಅವಮಾನಿಸುತ್ತಿದ್ದ. ಝೌ ಯು ತಾಳ್ಮೆಯಿಂದಲೇ ನಡೆದುಕೊಂಡ. ಕಡೆಗೆ ಅದೇ ಚೆಂಗ್ ಪು, ಇವನ ಸ್ನೇಹ ಒಳ್ಳೆಯ ಮದ್ಯ ಕುಡಿದಂತೆ, ಅಮಲೇರಿದ್ದೇ ತಿಳಿಯುವುದಿಲ್ಲ ಎಂದನಂತೆ. ಸಂಗೀತದಲ್ಲಿ ಎಷ್ಟು ಸೂಕ್ಷ್ಮ ಕಿವಿಯೆಂದರೆ, ಕುಡಿದಿದ್ದರೂ ಸರಿ, ವಾದಕರು ಒಂದು ಸ್ವರ ತಪ್ಪಿದರೆ ತಿರುಗಿ ನೋಡುತ್ತಿದ್ದ ಎಂದು ಜನ ಹಾಡು ಕಟ್ಟಿದ್ದರು.

ಟೋನಿ ಲಿಯುಂಗ್ ಅಭಿನಯಿಸಿದ್ದು ಈ ಮನುಷ್ಯನನ್ನು. ಸೈನಿಕರ ಕವಾಯತು ನಡೆಯುತ್ತಿರುವಾಗ ಕೊಳಲಿನ ಸದ್ದು ಕೇಳಿ ಎಲ್ಲವನ್ನೂ ನಿಲ್ಲಿಸುತ್ತಾನಲ್ಲ, ಹುಡುಗನ ಕೈಯಿಂದ ಕೊಳಲನ್ನು ಪಡೆದು ಸರಿಪಡಿಸಿಕೊಡುತ್ತಾನಲ್ಲ, ಆ ದೃಶ್ಯದ ಬೇರು ಇಲ್ಲಿದೆ. ಅವನೂ ತಾಕೇಶಿ ಕನೆಶಿರೊ ಅಭಿನಯಿಸಿದ ಝೂಗೆ ಲಿಯಾಂಗ್‌ನೂ ಗುಚಿನ್ ತಂತಿವಾದ್ಯ ನುಡಿಸುವ ಜುಗಲ್‌ಬಂದಿಯನ್ನು ನಾನು ಎಷ್ಟು ಸಲ ನೋಡಿದರೂ ತಣಿಯುವುದಿಲ್ಲ. ಯುದ್ಧಕ್ಕೆ ಸೇರುತ್ತೀಯಾ ಎಂದು ಝೂಗೆ ಲಿಯಾಂಗ್ ಬಾಯಿಬಿಟ್ಟು ಕೇಳುವುದಿಲ್ಲ, ಸೇರುತ್ತೇನೆ ಎಂದು ಝೌ ಯುವೂ ಹೇಳುವುದಿಲ್ಲ. ತಂತಿಗಳೇ ಎಲ್ಲವನ್ನೂ ಮಾತಾಡಿ ಮುಗಿಸುತ್ತವೆ.

ತುಂಗಾತೀರ:
ಓದುಗಿತ್ತಿಯವರೇ, ಒಪ್ಪಿದೆ. ಆದರೆ ನಿಮ್ಮ ಮಾತು ನನ್ನ ವಾದವನ್ನೇ ಗಟ್ಟಿಗೊಳಿಸುತ್ತದೆ. ಝೌ ಯುವಿನ ವಿಷಯದಲ್ಲಿ ಕಾದಂಬರಿಯನ್ನು ಬಿಟ್ಟು ಇತಿಹಾಸಕ್ಕೆ ಹೋಗುವ ಧೈರ್ಯ ಮಾಡಿದ ನಿರ್ದೇಶಕ, ತ್ಸಾವ್ ತ್ಸಾವ್ ವಿಷಯದಲ್ಲಿ ಕಾದಂಬರಿಗಿಂತಲೂ ಕೆಳಗಿಳಿದಿದ್ದಾನೆ. ಕಾದಂಬರಿಯ ತ್ಸಾವ್ ತ್ಸಾವ್ ಖಳನಾದರೂ ದೊಡ್ಡ ಮನುಷ್ಯ. ಅವನ ನಗುವಿನಲ್ಲೂ ಅಪಾಯವಿದೆ, ಸೋಲಿನಲ್ಲೂ ಗತ್ತಿದೆ.

ಬೆಳ್ಳಿತೆರೆ:
ಝಾಂಗ್ ಫೆಂಗ್‌ಯಿ ಆ ಪಾತ್ರವನ್ನು ಕಾಪಾಡಿದ್ದಾನೆ ಎಂಬುದನ್ನು ಮರೆಯಬೇಡಿ. ಕಾಯಿಲೆ ಬಿದ್ದ ಸೈನಿಕರ ನಡುವೆ ಹೋಗಿ ಅವರೊಂದಿಗೆ ತನ್ನ ಮಗನ ಬಗ್ಗೆ ಮಾತಾಡುವ ದೃಶ್ಯವಿದೆಯಲ್ಲ, ಅಲ್ಲಿ ಒಬ್ಬ ನಿಜವಾದ ನಾಯಕ ಕಾಣುತ್ತಾನೆ. ಬರವಣಿಗೆ ಕೊಡದಿದ್ದನ್ನು ನಟ ಕೊಟ್ಟಿದ್ದಾನೆ.

ಪಾತ್ರ ಹಂಚಿಕೆಯ ಕಥೆಯೂ ದೊಡ್ಡದೇ. ಝೌ ಯು ಪಾತ್ರಕ್ಕೆ ಮೊದಲು ಗೊತ್ತಾಗಿದ್ದವನು ಚೌ ಯುನ್-ಫ್ಯಾಟ್. ಜಾನ್ ವೂ ಜೊತೆ ಹಾಂಗ್‌ಕಾಂಗ್ ದಿನಗಳಿಂದ ಕೆಲಸ ಮಾಡಿದವನು. ಚಿತ್ರೀಕರಣ ಶುರುವಾಗುವ ಹೊತ್ತಿಗೆ ಹೊರನಡೆದ. ಟೋನಿ ಲಿಯುಂಗ್‌ಗೆ ಮೊದಲು ಗೊತ್ತಾಗಿದ್ದದ್ದು ಝೂಗೆ ಲಿಯಾಂಗ್ ಪಾತ್ರ. ಅವನೂ ಬಿಟ್ಟಿದ್ದ, ಆಮೇಲೆ ಝೌ ಯುವಾಗಿ ಮರಳಿದ. ಸುಮಾರು 8 ಕೋಟಿ ಡಾಲರ್ ವೆಚ್ಚದ ಚಿತ್ರ, ಆ ಹೊತ್ತಿಗೆ ಏಷ್ಯಾದ ಹಣದಲ್ಲೇ ತಯಾರಾದ ಚಿತ್ರಗಳಲ್ಲಿ ಅತ್ಯಂತ ದುಬಾರಿಯದು. ನಾಯಕನೇ ಹೊರಟುಹೋದಾಗ ನಿರ್ದೇಶಕನ ಸ್ಥಿತಿ ಊಹಿಸಿ.

ಕೊಡಚಾದ್ರಿ:
ಚಿತ್ರೀಕರಣದಲ್ಲಿ ಒಬ್ಬ ಸಾಹಸ ಕಲಾವಿದ ತೀರಿಕೊಂಡದ್ದು ನಿಜವೇ?

ಬೆಳ್ಳಿತೆರೆ:
ನಿಜ. 2008ರ ಜೂನ್‌ನಲ್ಲಿ. ಬೆಂಕಿ ಹೊತ್ತ ಸಣ್ಣ ದೋಣಿ ದೊಡ್ಡ ಹಡಗಿಗೆ ಡಿಕ್ಕಿ ಹೊಡೆಯುವ ದೃಶ್ಯ ತೆಗೆಯುವಾಗ ಬೆಂಕಿ ಹತೋಟಿ ಮೀರಿತು. 23 ವರ್ಷದ ಹುಡುಗ. ಇನ್ನೂ ಆರು ಮಂದಿಗೆ ಗಾಯವಾಯಿತು. ಎರಡನೇ ಭಾಗದ ಆ ಬೆಂಕಿಯನ್ನು ಹೊಗಳುವಾಗಲೆಲ್ಲ ನನಗೆ ಆ ಹುಡುಗನ ನೆನಪಾಗುತ್ತದೆ. ಇಂಥ ದೃಶ್ಯಗಳನ್ನು ಗಣಕದಲ್ಲೇ ಮಾಡಲಿ, ಕೃತಕವಾಗಿ ಕಂಡರೂ ಪರವಾಗಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಮಲೆನಾಡಿಗ:
ಇದನ್ನು ಕೇಳಿರಲಿಲ್ಲ. ಬಹಳ ಬೇಸರವಾಯಿತು.

ವೂಹಾನ್‌ನಲ್ಲಿ ಓದಿದವಳು:
ನಾನು ವೈದ್ಯಕೀಯ ಓದಿದ್ದು ಹುಬೇ ಪ್ರಾಂತ್ಯದಲ್ಲಿ, ವೂಹಾನ್ ನಗರದಲ್ಲಿ. ಕರ್ನಾಟಕದಿಂದ ಬಂದಿದ್ದ ನಾವು ಕೆಲವರು ರಜೆಯಲ್ಲಿ ಚಿಬಿಗೆ ಹೋಗಿದ್ದೆವು. ಯುದ್ಧ ನಡೆದ ಸ್ಥಳವೆಂದು ಹೇಳುವ ಜಾಗ ಯಾಂಗ್ಜಿಯ ದಕ್ಷಿಣ ದಡದಲ್ಲಿದೆ. ಬಂಡೆಯ ಮೇಲೆ ‘ಕೆಂಪು ಬಂಡೆ’ ಎಂಬ ಎರಡು ಅಕ್ಷರಗಳನ್ನು ಕೆತ್ತಿ ಕೆಂಪು ಬಣ್ಣ ತುಂಬಿದ್ದಾರೆ. ಗೆದ್ದ ರಾತ್ರಿ ಝೌ ಯುವೇ ಕತ್ತಿಯಿಂದ ಕೆತ್ತಿದ ಎಂದು ಸ್ಥಳೀಯರ ನಂಬಿಕೆ, ವಿದ್ವಾಂಸರು ಅದು ಎಷ್ಟೋ ಶತಮಾನ ಈಚಿನದು ಎನ್ನುತ್ತಾರೆ. ನದಿ ಅಲ್ಲಿ ಎಷ್ಟು ಅಗಲವೆಂದರೆ ಆಚೆ ದಡದಲ್ಲಿ ನಿಂತ ಸೈನ್ಯದ ದೀಪಗಳನ್ನು ಬಿಟ್ಟು ಬೇರೇನೂ ಈಚೆಗೆ ಕಾಣುತ್ತಿರಲಿಕ್ಕಿಲ್ಲ. ಹಡಗುಗಳು ಸುಟ್ಟದ್ದು ಆಚೆ ದಡದ ವೂಲಿನ್ ಎಂಬಲ್ಲಿ.

ನಾನು ಹೇಳಬೇಕೆಂದಿದ್ದದ್ದು ಕಾಯಿಲೆಯ ಬಗ್ಗೆ. ತ್ಸಾವ್ ತ್ಸಾವ್ ಸೈನ್ಯದಲ್ಲಿ ರೋಗ ಹಬ್ಬಿದ್ದು ದಾಖಲೆಯಲ್ಲೇ ಇದೆ. ಯಾವ ರೋಗ ಎಂದು ಬರೆದಿಲ್ಲ. ಚೀನಾದ ಕೆಲವು ವೈದ್ಯರು ಅದು ಸಿಸ್ಟೊಸೋಮಿಯಾಸಿಸ್ ಎಂಬ ಪರೋಪಜೀವಿ ರೋಗ ಇರಬಹುದೆಂದು ವಾದಿಸಿದ್ದಾರೆ. ನಮ್ಮ ಪ್ರಾಧ್ಯಾಪಕರು ಪಾಠ ಮಾಡುವಾಗ ಈ ಯುದ್ಧದ ಪ್ರಸ್ತಾಪ ತರುತ್ತಿದ್ದರು. ಹುಬೇ, ಹುನಾನ್‌ಗಳ ಕೆರೆ ಮತ್ತು ಜವುಗು ನೀರಿನಲ್ಲಿ ಸಣ್ಣ ಬಸವನಹುಳುಗಳಿರುತ್ತವೆ. ಅವುಗಳಿಂದ ಹೊರಬಂದ ಪರೋಪಜೀವಿ ನೀರಿಗಿಳಿದವರ ಚರ್ಮದ ಮೂಲಕವೇ ದೇಹಕ್ಕೆ ಹೊಗುತ್ತದೆ. ಚಿಕ್ಕಂದಿನಿಂದ ಅದೇ ನೀರಿನಲ್ಲಿ ಬೆಳೆದವರ ದೇಹ ಸ್ವಲ್ಪ ಮಟ್ಟಿಗೆ ಒಗ್ಗಿಕೊಂಡಿರುತ್ತದೆ, ಹೊಸಬರಿಗೆ ತೀವ್ರ ಜ್ವರ ಬರುತ್ತದೆ. ಉತ್ತರದ ಒಣನಾಡಿನಿಂದ ಬಂದ ಸೈನಿಕರನ್ನು ಈ ನೀರಿನಲ್ಲಿ ಹಡಗು ನಡೆಸುವ ತರಬೇತಿಗೆ ಇಳಿಸಿದರೆ ಏನಾಗುತ್ತದೆ ಯೋಚಿಸಿ.

ಕೊಡಚಾದ್ರಿ:
ಆ ಕಾಲದಲ್ಲೇ ಈ ರೋಗ ಅಲ್ಲಿತ್ತು ಎನ್ನಲು ಆಧಾರವೇನು?

ವೂಹಾನ್‌ನಲ್ಲಿ ಓದಿದವಳು:
ಗಟ್ಟಿ ಆಧಾರವಿದೆ. ಹುನಾನ್‌ನ ಚಾಂಗ್ಶಾ ಬಳಿಯ ಮಾವಾಂಗ್‌ದುಯಿಯಲ್ಲಿ 1972ರಲ್ಲಿ ಹಾನ್ ಕಾಲದ ಒಬ್ಬ ಶ್ರೀಮಂತ ಮಹಿಳೆಯ ಶವ ಸಿಕ್ಕಿತು. ಈ ಯುದ್ಧಕ್ಕಿಂತ ಮುನ್ನೂರಕ್ಕೂ ಹೆಚ್ಚು ವರ್ಷ ಹಿಂದಿನದು, ಆದರೂ ಚರ್ಮ, ಅಂಗಾಂಗ ಎಲ್ಲ ಕೆಡದೆ ಉಳಿದಿತ್ತು. ಆಕೆಯ ದೇಹದಲ್ಲಿ ಈ ಪರೋಪಜೀವಿಯ ಮೊಟ್ಟೆಗಳು ಸಿಕ್ಕಿವೆ. ರೋಗ ಆ ನಾಡಿನಲ್ಲಿತ್ತು ಎಂಬುದಂತೂ ಸಿದ್ಧ. 208ರ ಸೈನ್ಯಕ್ಕೆ ಬಂದದ್ದು ಇದೇ ಎನ್ನುವುದು ಊಹೆ. ಯುದ್ಧ ನಡೆದದ್ದು ಚಳಿಗಾಲದಲ್ಲಿ, ಈ ಸೋಂಕು ತಗಲುವುದು ಹೆಚ್ಚಾಗಿ ಬೆಚ್ಚಗಿನ ತಿಂಗಳುಗಳಲ್ಲಿ ಎಂದು ಆಕ್ಷೇಪಿಸುವವರೂ ಇದ್ದಾರೆ. ಅದಕ್ಕೇ ಟೈಫಾಯಿಡ್, ಇನ್‌ಫ್ಲುಯೆಂಜಾ ಮುಂತಾದ ಬೇರೆ ಹೆಸರುಗಳೂ ಚರ್ಚೆಯಲ್ಲಿವೆ.

ಚಿತ್ರದಲ್ಲಿ ತ್ಸಾವ್ ತ್ಸಾವ್ ರೋಗದಿಂದ ಸತ್ತವರ ಹೆಣಗಳನ್ನು ದೋಣಿಗಳಲ್ಲಿ ತೇಲಿಸಿ ಶತ್ರುವಿನ ದಡಕ್ಕೆ ಕಳಿಸುತ್ತಾನೆ. ಇದಕ್ಕೆ ಯಾವ ದಾಖಲೆಯೂ ಇಲ್ಲ. ನನ್ನ ಮಟ್ಟಿಗೆ ಚಹಾ ಪ್ರಸಂಗಕ್ಕಿಂತ ದೊಡ್ಡ ಅನ್ಯಾಯ ಇದು. ತನ್ನ ಸತ್ತ ಸೈನಿಕರನ್ನು ಆಯುಧವಾಗಿ ಬಳಸಿದ ಎಂಬ ಆರೋಪ ಸಣ್ಣದಲ್ಲ.

ಶಾಸನಪ್ರಿಯ:
ಬಹಳ ಒಳ್ಳೆಯ ಮಾತು. ಇದಕ್ಕೆ ಇನ್ನೊಂದು ಎಳೆ ಸೇರಿಸುತ್ತೇನೆ. ಸೋತವನ ಕಡೆಯ ದಾಖಲೆ ಓದಿದರೆ ಬೆಂಕಿಯ ಸುದ್ದಿಯೇ ಇಲ್ಲ. ತ್ಸಾವ್ ತ್ಸಾವ್ ಕೆಂಪು ಬಂಡೆಯಲ್ಲಿ ಲಿಯು ಬೇಯೊಂದಿಗೆ ಹೋರಾಡಿದ, ಅನುಕೂಲವಾಗಲಿಲ್ಲ, ಸಾಂಕ್ರಾಮಿಕ ಹಬ್ಬಿ ಬಹಳ ಜನ ಸತ್ತರು, ಸೈನ್ಯವನ್ನು ಹಿಂದಕ್ಕೆ ಕರೆದುಕೊಂಡ, ಅಷ್ಟೇ. ಝೌ ಯುವಿನ ಹೆಸರೂ ಅಲ್ಲಿಲ್ಲ. ಆಮೇಲೆ ಸುನ್ ಚುವಾನ್‌ಗೆ ಬರೆದ ಪತ್ರವೊಂದರಲ್ಲಿ, ರೋಗ ಬಂತು, ಹಡಗುಗಳನ್ನು ನಾನೇ ಸುಟ್ಟು ಹೊರಟೆ, ಝೌ ಯುವಿಗೆ ಸುಮ್ಮನೆ ಹೆಸರು ಬಂತು ಎಂದು ತ್ಸಾವ್ ತ್ಸಾವ್ ಹೇಳಿಕೊಂಡಿದ್ದಾನೆ. ಗೆದ್ದವರ ಕಡೆಯ ಝೌ ಯು ಜೀವನಚರಿತ್ರೆಯಲ್ಲಿ ಅವನ ಕೈಕೆಳಗಿನ ಸೇನಾನಿ ಹುವಾಂಗ್ ಗಾಯ್‌ನ ಹುಸಿ ಶರಣಾಗತಿ, ಎಣ್ಣೆ ಸುರಿದ ಒಣಹುಲ್ಲು ಹೊತ್ತ ಹತ್ತಾರು ಹಡಗು, ಜೋರು ಗಾಳಿ ಎಲ್ಲ ವಿವರವಾಗಿದೆ. ನಿಜ ಎರಡೂ ಕಡೆ ಹಂಚಿಹೋಗಿದೆ.

ಸಂಖ್ಯೆಯ ಮಾತು. ಎಂಟು ಲಕ್ಷ ಸೈನ್ಯ ತಂದಿದ್ದೇನೆ ಎಂದು ತ್ಸಾವ್ ತ್ಸಾವ್ ಬೆದರಿಸಿದ. ಝೌ ಯು ತನ್ನ ದೊರೆಯ ಮುಂದೆ ಲೆಕ್ಕ ಹಾಕಿದ: ಉತ್ತರದಿಂದ ಬಂದವರು ಹೆಚ್ಚೆಂದರೆ ಒಂದೂವರೆ ಲಕ್ಷದ ಆಸುಪಾಸು, ಅವರೂ ದಣಿದಿದ್ದಾರೆ. ಶರಣಾದ ಜಿಂಗ್‌ಝೌ ಸೈನಿಕರು ಎಪ್ಪತ್ತು ಎಂಬತ್ತು ಸಾವಿರ, ಅವರಿಗೆ ಮನಸ್ಸಿಲ್ಲ. ತನಗೆ ಐವತ್ತು ಸಾವಿರ ಬೇಕೆಂದ, ಸಿಕ್ಕಿದ್ದು ಮೂವತ್ತು ಸಾವಿರ.

ಕುದುರೆಲಾಳ:
ಯುದ್ಧದ ಸಾಮಗ್ರಿಯ ಬಗ್ಗೆ ಯಾರೂ ಮಾತೆತ್ತಿಲ್ಲ. ಚಿತ್ರದಲ್ಲಿ ಸವಾರರೆಲ್ಲರ ಕಾಲೂ ಅಂಕವಣೆಯಲ್ಲಿದೆ, ಅಂದರೆ ಜೀನಿನಿಂದ ಇಳಿಬಿಟ್ಟ ಪಾದದ ಆಸರೆಯಲ್ಲಿ. ಜೋಡಿ ಅಂಕವಣೆಗೆ ಚೀನಾದಲ್ಲಿ ಪುರಾವೆ ಸಿಗುವುದು ನಾಲ್ಕನೇ ಶತಮಾನದಿಂದ. 208ರ ಸವಾರ ತೊಡೆಯ ಬಿಗಿತದಲ್ಲೇ ಕುದುರೆಯ ಮೇಲೆ ನಿಲ್ಲಬೇಕಿತ್ತು. ಚಾಂಗ್‌ಬಾನ್‌ನಲ್ಲಿ ಲಿಯು ಬೇಯ ಸೇನಾನಿ ಝಾವೊ ಯುನ್ ತನ್ನ ದೊರೆಯ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಶತ್ರುಗಳ ನಡುವೆ ನುಗ್ಗಿ ಬರುವ ದೃಶ್ಯವನ್ನು ಇದನ್ನು ಮನಸ್ಸಿನಲ್ಲಿಟ್ಟು ನೋಡಿ. ಅಸಲು ಮನುಷ್ಯನ ಸಾಹಸ ಚಿತ್ರದಲ್ಲಿ ಕಂಡದ್ದಕ್ಕಿಂತ ಕಠಿಣವಾಗಿತ್ತು.

ಆಮೆಯ ಚಿಪ್ಪಿನಂತೆ ಗುರಾಣಿ ಜೋಡಿಸಿ ಶತ್ರುವಿನ ಕುದುರೆಪಡೆಯನ್ನು ಒಳಗೆ ಎಳೆದುಕೊಂಡು ಕೊಲ್ಲುವ ಆ ವ್ಯೂಹದ ಕಾಳಗ ಕೂಡ ಪೂರ್ತಿ ಕಲ್ಪನೆ. ಈ ದಂಡಯಾತ್ರೆಯಲ್ಲಿ ಅಂಥ ಭೂಯುದ್ಧ ನಡೆದೇ ಇಲ್ಲ.

ಮಲೆನಾಡಿಗ:
ಕಲ್ಪನೆಯೇ ಆಗಲಿ, ಮೊದಲ ಭಾಗದ ಜೀವ ಅದು. ಒಳಗೆ ಹೋಗುವ ದಾರಿ ಗೊತ್ತು, ಹೊರಗೆ ಬರುವ ದಾರಿ ಗೊತ್ತಿಲ್ಲ ಎಂಬ ಸಂಕಟವನ್ನು ಚಕ್ರವ್ಯೂಹದ ಕಥೆ ಕೇಳುತ್ತಾ ಬೆಳೆದ ನಮಗೆ ಯಾರೂ ವಿವರಿಸಬೇಕಿಲ್ಲ. ಅದನ್ನು ಮೇಲಿನಿಂದ, ಹದ್ದಿನ ಕಣ್ಣಿನಿಂದ ತೋರಿಸಿದಾಗ ನಾನು ಕುರ್ಚಿಯ ತುದಿಗೆ ಬಂದಿದ್ದೆ. ಅಂಕವಣೆ ನೋಡುವವರು ನೋಡಲಿ.

ಕುದುರೆಲಾಳ:
ನಾನು ಎರಡನ್ನೂ ನೋಡುತ್ತೇನೆ. ವಿವರ ಗೊತ್ತಿದ್ದರೆ ಖುಷಿ ಕಡಿಮೆಯಾಗಬೇಕು ಎಂದು ಯಾರು ಹೇಳಿದರು?

ಸಂಜೆಗಾಳಿ:
ಸುನ್ ಚುವಾನ್ ತಂಗಿ ಗಂಡು ವೇಷದಲ್ಲಿ ಶತ್ರು ಶಿಬಿರಕ್ಕೆ ಹೋಗಿ ನಕ್ಷೆ ಬರೆದುಕೊಂಡು ಬರುವುದು ಕೂಡ ಕಟ್ಟುಕಥೆಯೇ? ನನಗೆ ಇಡೀ ಚಿತ್ರದಲ್ಲಿ ಹೆಚ್ಚು ಕಾಡಿದ್ದು ಅದೇ. ಆಕೆಯನ್ನು ಗೆಳೆಯನೆಂದೇ ನಂಬಿದ್ದ ಆ ಮುಗ್ಧ ಸೈನಿಕ ಯುದ್ಧದ ನಡುವೆ ಅವಳನ್ನು ಗುರುತಿಸುತ್ತಾನಲ್ಲ.

ಓದುಗಿತ್ತಿ:
ಗೂಢಚಾರಿಣಿಯಾಗಿ ಹೋದದ್ದು ಕಲ್ಪನೆ. ಸುನ್ ಶಾಂಗ್‌ಶಿಯಾಂಗ್ ಎಂಬ ಹೆಸರು ನಂತರದ ನಾಟಕಗಳಿಂದ ಬಂದದ್ದು. ಆದರೆ ಆ ಹೆಣ್ಣುಮಗಳು ನಿಜ, ಆಕೆಯ ಗಟ್ಟಿತನವೂ ನಿಜ. ಯುದ್ಧದ ಮರುವರ್ಷ ಅವಳನ್ನು ಲಿಯು ಬೇಗೆ ಮದುವೆ ಮಾಡಿಕೊಟ್ಟರು, ಮೈತ್ರಿ ಉಳಿಸಲು. ಆಕೆಯ ಬಳಿ ನೂರಕ್ಕೂ ಹೆಚ್ಚು ಸೇವಕಿಯರು, ಎಲ್ಲರ ಕೈಯಲ್ಲೂ ಕತ್ತಿ. ಹೆಂಡತಿಯ ಕೋಣೆಗೆ ಹೋಗುವಾಗಲೆಲ್ಲ ಲಿಯು ಬೇಗೆ ಮೈ ನಡುಗುತ್ತಿತ್ತು ಎಂದು ದಾಖಲೆಯೇ ಹೇಳುತ್ತದೆ. ಅಂಥವಳನ್ನು ಅಂತಃಪುರದಲ್ಲಿ ಕೂರಿಸಿದ್ದರೆ ಸುಳ್ಳಾಗುತ್ತಿತ್ತು. ಝಾವೊ ವೇ ಅಭಿನಯ ಇತಿಹಾಸದ ವಿವರಕ್ಕೆ ದೂರ, ಅದರ ಆತ್ಮಕ್ಕೆ ಹತ್ತಿರ.

ಶಿಯಾವ್ ಚಿಯಾವ್ ವಿಷಯದಲ್ಲಿ ನಾನು ತುಂಗಾತೀರ ಅವರಿಗಿಂತ ಬೇರೆ ಕಾರಣಕ್ಕೆ ಸಿಟ್ಟಾಗಿದ್ದೇನೆ. ದಾಖಲೆಯಲ್ಲಿ ಆಕೆಗೆ ಒಂದು ಸಾಲು ಮಾತ್ರ ಸಿಕ್ಕಿದೆ. ಹದಿನೆಂಟು ಶತಮಾನಗಳ ನಂತರ ಯಾರೋ ಆಕೆಗೆ ಒಂದು ಪೂರ್ತಿ ಪಾತ್ರ ಕೊಡುತ್ತಾರೆ, ಅಲ್ಲಿಯೂ ಅವಳು ಮಾಡುವುದು ಶತ್ರುವಿನ ಮುಂದೆ ಕೂತು ಚಹಾ ಸುರಿಯುವುದು. ಅಂಥ ನಾಜೂಕಿನ ಚಹಾ ಸಂಸ್ಕಾರವೇ ಆಗ ಇರಲಿಲ್ಲ. ಚಹಾದ ಬಗ್ಗೆ ಲು ಯು ಮೊದಲ ದೊಡ್ಡ ಗ್ರಂಥ ಬರೆದದ್ದು ಎಂಟನೇ ಶತಮಾನದಲ್ಲಿ.

ತುಂಗಾತೀರ:
ಈಗ ನನಗೆ ಸ್ಪಷ್ಟವಾಗುತ್ತಿದೆ. ನನ್ನನ್ನು ಕಾಡುತ್ತಿದ್ದದ್ದು ಸುಳ್ಳು ಸೇರಿಸಿದ್ದಲ್ಲ. ಹುಲ್ಲಿನ ಬೊಂಬೆ ಹೊತ್ತ ದೋಣಿ ಕಳಿಸಿ ಶತ್ರು ಬಿಟ್ಟ ಬಾಣಗಳನ್ನೇ ಸಂಗ್ರಹಿಸುವ ‘ಬಾಣ ಸಾಲ ತರುವ’ ಪ್ರಸಂಗವೂ ಝೂಗೆ ಲಿಯಾಂಗ್ ಮಾಡಿದ್ದಲ್ಲ ಎಂದು ಓದಿದ್ದೇನೆ, ಆದರೂ ಅದು ನನಗೆ ಇಷ್ಟವೇ. ಕಲ್ಪನೆ ಪಾತ್ರವನ್ನು ದೊಡ್ಡದು ಮಾಡಬೇಕು. ಮೋಹದ ಕಥೆ ತ್ಸಾವ್ ತ್ಸಾವ್, ಶಿಯಾವ್ ಚಿಯಾವ್ ಇಬ್ಬರನ್ನೂ ಸಣ್ಣವರನ್ನಾಗಿಸುತ್ತದೆ.

ಶಾಸನಪ್ರಿಯ:
ಬಾಣದ ಕಥೆಗೂ ಒಂದು ಬೀಜವಿದೆ. 213ರಲ್ಲಿ ರುಶುವಿನ ಬಳಿ ಸುನ್ ಚುವಾನ್ ಹಡಗಿನಲ್ಲಿ ಶತ್ರುವಿನ ಪಾಳೆಯ ನೋಡಲು ಹೋದಾಗ ತ್ಸಾವ್ ತ್ಸಾವ್ ಕಡೆಯವರು ಬಾಣಗಳ ಮಳೆ ಸುರಿಸಿದರು. ಬಾಣ ನಾಟಿ ಹಡಗು ಒಂದು ಕಡೆಗೆ ವಾಲಿತು. ಆತ ಹಡಗನ್ನು ತಿರುಗಿಸಿ ಇನ್ನೊಂದು ಬದಿಗೂ ಬಾಣ ನಾಟುವಂತೆ ಮಾಡಿ, ಸಮತೋಲನ ಬಂದ ಮೇಲೆ ಮರಳಿದ. ಕಾದಂಬರಿ ಇದನ್ನು ಐದು ವರ್ಷ ಹಿಂದಕ್ಕೆ ತಂದು, ಮಂಜು ಕವಿಸಿ, ಹುಲ್ಲಿನ ಬೊಂಬೆಗಳನ್ನಿಟ್ಟು ಝೂಗೆ ಲಿಯಾಂಗ್ ಕೈಗೆ ಕೊಟ್ಟಿತು. ಅಲ್ಲಿ ಅದು ಅವನ ತಲೆ ತೆಗೆಸಲು ಝೌ ಯು ಒಡ್ಡಿದ ಬಲೆ. ಚಿತ್ರದಲ್ಲಿ ಅದೇ ಪ್ರಸಂಗ ಇಬ್ಬರು ಗೆಳೆಯರ ನಡುವಿನ ಪಂದ್ಯವಾಗಿದೆ.

ಗಾಳಿಯೂ ಹಾಗೆಯೇ. ಕಾದಂಬರಿಯಲ್ಲಿ ಝೂಗೆ ಲಿಯಾಂಗ್ ಬಲಿಪೀಠ ಕಟ್ಟಿ ಮಂತ್ರಶಕ್ತಿಯಿಂದ ಆಗ್ನೇಯದ ಗಾಳಿ ತರಿಸುತ್ತಾನೆ. ಚಿತ್ರದ ಝೂಗೆ ಲಿಯಾಂಗ್ ಮೋಡ, ಮಂಜು, ಋತುಗಳನ್ನು ಗಮನಿಸಿ ಗಾಳಿ ತಿರುಗುವ ಹೊತ್ತನ್ನು ಲೆಕ್ಕ ಹಾಕುತ್ತಾನೆ. ಮಂತ್ರವಾದಿಯನ್ನು ಮತ್ತೆ ಮನುಷ್ಯನನ್ನಾಗಿ ಮಾಡಿದ್ದಕ್ಕೆ ಜಾನ್ ವೂಗೆ ನನ್ನ ನಮಸ್ಕಾರ. ಆಗ ಅವನ ವಯಸ್ಸು ಇಪ್ಪತ್ತೇಳು ಎಂಬುದನ್ನೂ ನೆನಪಿಡಿ.

ಕೊಡಚಾದ್ರಿ:
ಪಾರಿವಾಳದ ದೃಶ್ಯ! ಝೂಗೆ ಲಿಯಾಂಗ್ ಹಾರಿಬಿಟ್ಟ ಬಿಳಿ ಪಾರಿವಾಳದ ಹಿಂದೆಯೇ ಕ್ಯಾಮೆರಾ ನದಿ ದಾಟಿ, ಹಡಗುಗಳ ಸಾಲಿನ ಮೇಲೆ ತೇಲಿ, ಶತ್ರು ಶಿಬಿರದೊಳಗೆ ಇಳಿಯುತ್ತದೆ. ಒಂದೇ ಓಟದಲ್ಲಿ ಇಡೀ ರಣರಂಗದ ನಕ್ಷೆ ನಮ್ಮ ತಲೆಯಲ್ಲಿ ಕೂತುಬಿಡುತ್ತದೆ. ತುಂಗಾತೀರ ಅವರು ಗೊಂದಲವೇ ಆಗಲಿಲ್ಲ ಎಂದರಲ್ಲ, ಅದಕ್ಕೆ ಕಾರಣ ಇದೇ ಎಂದು ನನ್ನ ನಂಬಿಕೆ.

ಬೆಳ್ಳಿತೆರೆ:
ಪಾರಿವಾಳ ಜಾನ್ ವೂನ ಹಳೆಯ ಗುರುತು. ಹಾಂಗ್‌ಕಾಂಗ್‌ನ ಗುಂಡಿನ ಕಾಳಗದ ಚಿತ್ರಗಳಲ್ಲಿ, ಹಾಲಿವುಡ್‌ನಲ್ಲಿ ಮಾಡಿದ ಚಿತ್ರಗಳಲ್ಲಿ ಅದು ಅಲಂಕಾರವಾಗಿ ಬರುತ್ತಿತ್ತು. ಇಲ್ಲಿ ಮೊದಲ ಬಾರಿ ಅದಕ್ಕೆ ಒಂದು ಕೆಲಸ ಸಿಕ್ಕಿದೆ.

ಸಂಜೆಗಾಳಿ:
ಹುವಾಂಗ್ ಗಾಯ್ ಏನಾದ? ಬೆಂಕಿಯ ಹಡಗುಗಳ ಮುಂದಾಳು ಅವನೇ ಅಲ್ಲವೇ?

ಶಾಸನಪ್ರಿಯ:
ಅವನ ಕಥೆ ಯಾವ ಸಿನಿಮಾಕ್ಕೂ ಕಡಿಮೆಯಿಲ್ಲ. ದಾಳಿಯ ನಡುವೆ ಎಲ್ಲಿಂದಲೋ ಬಂದ ಬಾಣ ತಗಲಿ ಚಳಿಗಾಲದ ನದಿಗೆ ಬಿದ್ದ. ಅವನದೇ ಕಡೆಯ ಸೈನಿಕರು ಮೇಲೆತ್ತಿದರು, ಆದರೆ ಗುರುತು ಹಿಡಿಯಲಿಲ್ಲ. ಯಾವನೋ ಸಾಮಾನ್ಯ ಸೈನಿಕನೆಂದು ಶೌಚದ ಜಾಗದ ಬಳಿ ಮಲಗಿಸಿದರು. ಉಳಿದಿದ್ದ ಶಕ್ತಿಯೆಲ್ಲ ಕೂಡಿಸಿ ಹಾನ್ ದಾಂಗ್ ಎಂಬ ಸಹ ಸೇನಾನಿಯ ಹೆಸರು ಹಿಡಿದು ಒಮ್ಮೆ ಕೂಗಿದ. ಹಾನ್ ದಾಂಗ್ ದನಿ ಗುರುತಿಸಿ ಓಡಿ ಬಂದು, ಅತ್ತು, ಒದ್ದೆ ಬಟ್ಟೆ ಬದಲಾಯಿಸಿ ಬದುಕಿಸಿದ. ಇದು ಪೇ ಸೊಂಗ್‌ಝಿಯ ಟಿಪ್ಪಣಿಯಲ್ಲಿದೆ. ಯುದ್ಧ ಗೆಲ್ಲಿಸಿದವನೇ ಯಾರಿಗೂ ಗುರುತು ಸಿಗದೆ ಬಿದ್ದಿದ್ದ. ನಿರ್ದೇಶಕ ಇದನ್ನು ಯಾಕೆ ಬಿಟ್ಟ ಎಂದು ನನಗೆ ಇಂದಿಗೂ ಬೇಸರವಿದೆ.

ಮಲೆನಾಡಿಗ:
ಇದನ್ನು ಚಿತ್ರದಲ್ಲಿ ತೋರಿಸಿದ್ದರೆ ನಾನೂ ನಿಮ್ಮ ಪಕ್ಷಕ್ಕೆ ಬರುತ್ತಿದ್ದೆ. ಆದರೆ ಕೊನೆಯ ಬಗ್ಗೆ ನನ್ನ ನಿಲುವು ಬದಲಾಗಿಲ್ಲ. ಕೈಗೆ ಸಿಕ್ಕ ತ್ಸಾವ್ ತ್ಸಾವ್‌ನನ್ನು ಝೌ ಯು ಬಿಟ್ಟು ಕಳಿಸುವುದೇ ಸರಿ. ಸುಟ್ಟ ಹೆಣಗಳ ನಡುವೆ ನಿಂತು ಇನ್ನೊಂದು ತಲೆ ಕಡಿದರೆ ಅದರಲ್ಲಿ ಯಾವ ಗೆಲುವಿದೆ?

ತುಂಗಾತೀರ:
ನಾನು ಒಪ್ಪುವುದಿಲ್ಲ. ಇತಿಹಾಸದ ತ್ಸಾವ್ ತ್ಸಾವ್‌ನನ್ನು ಯಾರೂ ಕರುಣೆಯಿಂದ ಬಿಟ್ಟದ್ದಲ್ಲ. ಸೋತು ಹಿಮ್ಮೆಟ್ಟುವಾಗ ಹುವಾರೊಂಗ್ ದಾರಿಯ ಕೆಸರಿನಲ್ಲಿ, ಕಾಯಿಲೆಯ ಸೈನಿಕರು ಹುಲ್ಲು ಹೊತ್ತು ತಂದು ಹಾಸಿದ ಮೇಲೆ ಕುದುರೆಗಳು ದಾಟಿದವು. ಹುಲ್ಲು ಹಾಸಿದ ಸೈನಿಕರೇ ಕುದುರೆಗಳ ಕಾಲಡಿ ಸಿಕ್ಕಿ ಎಷ್ಟೋ ಮಂದಿ ಸತ್ತರು. ಆ ಸೋಲಿನ ನಿಜವಾದ ಬೆಲೆ ಅದು. ಚಿತ್ರದ ಕ್ಷಮೆ ಆ ಬೆಲೆಯನ್ನು ಮರೆಮಾಡುತ್ತದೆ.

ಓದುಗಿತ್ತಿ:
ಕಾದಂಬರಿಯಲ್ಲಿ ಅದೇ ದಾರಿಯಲ್ಲಿ ಲಿಯು ಬೇಯ ಸೇನಾನಿ ಗುವಾನ್ ಯು ಹಳೆಯ ಋಣಕ್ಕಾಗಿ ಅವನನ್ನು ಬಿಡುತ್ತಾನೆ. ಅಲ್ಲಿ ಬಿಡುವುದಕ್ಕೆ ಒಂದು ಕಾರಣವಿದೆ, ಬಿಟ್ಟವನು ತನ್ನ ಕಡೆಯವರಿಗೆ ಉತ್ತರ ಕೊಡಬೇಕಾದ ಸಂಕಟವೂ ಇದೆ. ಚಿತ್ರದಲ್ಲಿ ಆ ಸಂಕಟವಿಲ್ಲ. ಅಷ್ಟರ ಮಟ್ಟಿಗೆ ತುಂಗಾತೀರ ಅವರ ಪಕ್ಷ ನಾನು.

ಸಂಜೆಗಾಳಿ:
ಕಾದಂಬರಿ ಓದಬೇಕೆನಿಸುತ್ತಿದೆ. 120 ಅಧ್ಯಾಯ ಎಂದರೆ ಸ್ವಲ್ಪ ಭಯ. ಈ ಯುದ್ಧದ ಭಾಗ ಮಾತ್ರ ಓದಬಹುದೇ?

ಶಾಸನಪ್ರಿಯ:
ಓದಬಹುದು. 43ರಿಂದ 50ರವರೆಗಿನ ಅಧ್ಯಾಯಗಳು ಕೆಂಪು ಬಂಡೆಯವು. 41ರಿಂದ ಶುರುಮಾಡಿದರೆ ಝಾವೊ ಯುನ್ ಕೂಸನ್ನು ಉಳಿಸುವ ಪ್ರಸಂಗವೂ ಸಿಗುತ್ತದೆ. ಹೆಸರುಗಳ ಒಂದು ಪಟ್ಟಿ ಪಕ್ಕದಲ್ಲಿಟ್ಟುಕೊಳ್ಳಿ, ಒಬ್ಬೊಬ್ಬನಿಗೂ ಎರಡೆರಡು ಹೆಸರಿರುತ್ತವೆ.

ಮಲೆನಾಡಿಗ:
ಪಟ್ಟಿ ತಯಾರಿದ್ದರೆ ಇಲ್ಲೇ ಹಾಕಿ ಸರ್, ನಾನೂ ಓದುತ್ತೇನೆ. ಕೊನೆಯ ದೃಶ್ಯದ ಜಗಳವನ್ನು 50ನೇ ಅಧ್ಯಾಯ ಮುಗಿಸಿ ಮುಂದುವರಿಸೋಣ.